ಒಂದು ಸ್ವಿಚ್ಚು, ಹಲವು ಒಡೆಯರು

ಒಂದೇ ಗಣಕದ ಮೇಲೆ ಏಕಕಾಲಕ್ಕೆ ಹಲವು ಕಾರ್ಯಾಚರಣ ವ್ಯವಸ್ಥೆಗಳನ್ನು ನಡೆಸುವುದು ಹಳೆಯ ವಿದ್ಯೆ. ಐಬಿಎಂ ಕಂಪನಿ 1972ರಲ್ಲೇ ವಿಎಂ/370 ಎಂಬ ತಂತ್ರಾಂಶದ ಮೂಲಕ ಅದನ್ನು ಗಿರಾಕಿಗಳಿಗೆ ಒದಗಿಸಿತ್ತು. ಆದರೆ ಗಣಕಗಳನ್ನು ಒಂದಕ್ಕೊಂದು ಬೆಸೆಯುವ ಜಾಲದ ಸ್ವಿಚ್ಚಿಗೆ ಈ ವಿಚಾರ ತಲಪಲು ಮತ್ತೆ ಕಾಲು ಶತಮಾನವೇ ಹಿಡಿಯಿತು. ಏಕಿಷ್ಟು ತಡ?

ಸ್ವಿಚ್ಚಿನ ಒಳಗೆ ಎರಡು ಬಗೆಯ ಕೆಲಸಗಳು ನಡೆಯುತ್ತವೆ. ಬಂದ ಪ್ಯಾಕೆಟ್ಟಿನ ತಲೆಬರಹವನ್ನು ಓದಿ, ಕೋಷ್ಟಕದಲ್ಲಿ ಹುಡುಕಿ, ತಕ್ಕ ದ್ವಾರದಿಂದ ಹೊರಗೆ ಕಳಿಸುವುದು ಮೊದಲನೆಯದು. ಇದನ್ನು ಚಿಪ್ಪುಗಳು ಮಿಂಚಿನ ವೇಗದಲ್ಲಿ ಮಾಡುತ್ತವೆ. ಆ ಕೋಷ್ಟಕದಲ್ಲಿ ಏನಿರಬೇಕೆಂದು ತೀರ್ಮಾನಿಸುವುದು ಎರಡನೆಯದು. ಇದು ಜಾಲದ ಕಾರ್ಯಾಚರಣ ವ್ಯವಸ್ಥೆಯ ಕೆಲಸ. ತಯಾರಕರು ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಮೊಹರು ಮಾಡಿ ಮಾರುತ್ತಿದ್ದರು. ಐಬಿಎಂನ ದೊಡ್ಡ ಗಣಕಕ್ಕಾದರೂ ಎಲ್ಲರೂ ಓದಬಹುದಾದ ಆದೇಶಗಳ ಪಟ್ಟಿ ಇತ್ತು. ಸ್ವಿಚ್ಚಿಗೆ ಅದೂ ಇರಲಿಲ್ಲ. ಒಳಗೆ ಹೋಗಲು ಬಾಗಿಲೇ ಇಲ್ಲದ ಮನೆಯನ್ನು ಇಬ್ಬರು ಹಂಚಿಕೊಳ್ಳುವುದಾದರೂ ಹೇಗೆ?

ಬಾಗಿಲು ತೆರೆದವರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕ ಪ್ರಯೋಗಾಲಯದವರು ಮೊದಲಿಗರು ಎನ್ನಬಹುದು. ಆಗ ದೂರವಾಣಿ ಕಂಪನಿಗಳ ಭರವಸೆಯೆಲ್ಲ ಎಟಿಎಂ ತಂತ್ರದ ಮೇಲಿತ್ತು. (ಹಣ ಕೊಡುವ ಯಂತ್ರವಲ್ಲ; ಜಾಲಗಳ ಲೋಕದ ಎಟಿಎಂ ಬೇರೆಯೇ.) ಅದರಲ್ಲಿ ಮಾಹಿತಿಯೆಲ್ಲ 53 ಬೈಟುಗಳ ಪುಟ್ಟ ಕೋಶಗಳಾಗಿ ಹರಿಯುತ್ತದೆ: 5 ಬೈಟು ತಲೆಬರಹ, 48 ಬೈಟು ಸರಕು. ಪ್ರತಿ ಸಂಪರ್ಕಕ್ಕೂ ಪಥಸಂಖ್ಯೆ, ನಾಲೆಸಂಖ್ಯೆ ಎಂಬ ಎರಡು ಗುರುತುಗಳು. ಸಂಪರ್ಕ ಏರ್ಪಡಿಸುವ ನಿಯಮಾವಳಿ ಮಾತ್ರ ಬೆಟ್ಟದಷ್ಟು ಬೆಳೆದಿತ್ತು. ಎಲ್ಲರೂ ಒಂದೇ ನಿಯಮಾವಳಿಯನ್ನು ಏಕೆ ಒಪ್ಪಬೇಕು, ಒಂದೇ ಸ್ವಿಚ್ಚಿನ ಮೇಲೆ ಹಲವು ನಿಯಂತ್ರಣ ವ್ಯವಸ್ಥೆಗಳು ಏಕಿರಬಾರದು ಎಂದು ಕೇಂಬ್ರಿಜ್‌ನವರು ಕೇಳಿದರು. ಯಾಕೋಬಸ್ ವಾನ್ ಡರ್ ಮರ್ವ ಮತ್ತು ಇಯಾನ್ ಲೆಸ್ಲಿ 1997ರಲ್ಲಿ ತಮ್ಮ ಉತ್ತರವನ್ನು ಮಂಡಿಸಿದರು. ಯೋಜನೆಯ ಹೆಸರು ಟೆಂಪೆಸ್ಟ್. ಷೇಕ್ಸ್‌ಪಿಯರ್ ನಾಟಕದ ಹೆಸರಿಟ್ಟ ಮೇಲೆ ಪಾತ್ರಗಳನ್ನು ಬಿಡಲಾದೀತೆ? ಸ್ವಿಚ್ಚಿನೊಡನೆ ಮಾತನಾಡುವ ಸರಳ ಆದೇಶಗಳ ಸಂಪುಟ ಏರಿಯಲ್ ಆಯಿತು, ಸ್ವಿಚ್ಚನ್ನು ಪಾಲು ಮಾಡುವ ತಂತ್ರಾಂಶ ಪ್ರಾಸ್ಪೆರೊ ಆಯಿತು.

ಒಂದೊಂದು ಪಾಲಿಗೆ ಅವರು 'ಸ್ವಿಚ್‌ಲೆಟ್' ಎಂದು ಹೆಸರಿಟ್ಟರು. ಕಿರುಸ್ವಿಚ್ಚು ಎನ್ನೋಣ. ಕೆಲವು ದ್ವಾರಗಳು, ಪಥ-ನಾಲೆ ಸಂಖ್ಯೆಗಳ ಒಂದು ವ್ಯಾಪ್ತಿ, ಇಂತಿಷ್ಟು ವಾಹಕ ಸಾಮರ್ಥ್ಯ, ಇಂತಿಷ್ಟು ಸ್ಮೃತಿ, ಇಷ್ಟು ಸೇರಿದರೆ ಒಂದು ಕಿರುಸ್ವಿಚ್ಚು. ಅದನ್ನು ಪಡೆದ ನಿಯಂತ್ರಕಕ್ಕೆ ತನ್ನದು ಇಡೀ ಸ್ವಿಚ್ಚೇ ಎಂಬ ಭಾವನೆ. ವಠಾರದ ಒಂದೇ ತೊಟ್ಟಿಯಿಂದ ಹಲವು ಮನೆಗಳಿಗೆ ನಲ್ಲಿ ಹಾಕಿಕೊಟ್ಟ ಹಾಗೆ. ಪ್ರಾಸ್ಪೆರೊ ಕೆಳಗೆ ಸ್ವಿಚ್ಚಿನೊಡನೆ ಆಡುವ ಭಾಷೆಯನ್ನೇ ಮೇಲೆ ನಿಯಂತ್ರಕಗಳೊಡನೆಯೂ ಆಡುತ್ತಿತ್ತು. ಆದ್ದರಿಂದ ನಡುವೆ ಒಬ್ಬ ಮಧ್ಯಸ್ಥನಿದ್ದಾನೆಂಬುದು ನಿಯಂತ್ರಕಕ್ಕೆ ತಿಳಿಯಬೇಕಾಗಿಯೇ ಇರಲಿಲ್ಲ.

ಮುಖ್ಯ ಸಂಗತಿ ಇಲ್ಲಿದೆ. ಪ್ರಾಸ್ಪೆರೊ ಕೂತಿದ್ದದ್ದು ಆದೇಶಗಳ ದಾರಿಯಲ್ಲಿ, ಕೋಶಗಳ ದಾರಿಯಲ್ಲಲ್ಲ. ಸಂಪರ್ಕ ಏರ್ಪಡುವಾಗ ಒಮ್ಮೆ ಪರೀಕ್ಷಿಸಿದರೆ ಸಾಕು, ಆಮೇಲೆ ಕೋಟಿ ಕೋಶಗಳು ಹರಿದರೂ ಅದರ ಅಡ್ಡಿಯಿಲ್ಲ. ನೆರೆಯವನ ಸಂಖ್ಯೆಗೆ ಕೈಹಾಕುವ ಆದೇಶ ಬಂದರೆ ತಿರಸ್ಕರಿಸಬಹುದು. ಆದರೆ ನೆರೆಯವನ ಪಾಲಿನ ಸಾಮರ್ಥ್ಯವನ್ನು ನುಂಗುವ ಕೋಶಗಳ ಪ್ರವಾಹವನ್ನು ಹೀಗೆ ತಡೆಯಲಾಗದು, ಅದಕ್ಕೆ ಯಂತ್ರಾಂಶದ ನೆರವೇ ಬೇಕು. ಅತಿಕ್ರಮಣವನ್ನು ತಂತ್ರಾಂಶ ತಡೆಯಬಲ್ಲದು, ಹಸಿವನ್ನು ಯಂತ್ರಾಂಶ ಮಾತ್ರ. ಮುಂದಿನ ಎಲ್ಲ ಪ್ರಯತ್ನಗಳೂ ಎಡವಿದ್ದು ಈ ಎರಡನೆಯ ಕಲ್ಲಿಗೇ.

ಎಟಿಎಂ ಈಥರ್ನೆಟ್ಟಿನ ಎದುರು ಸೋತಿತು. ಟೆಂಪೆಸ್ಟೂ ಅದರೊಡನೆ ಮರೆಗೆ ಸರಿಯಿತು. 1998ರಲ್ಲಿ ಮಾನಕವಾದ ವಿಲ್ಯಾನ್ ಸಂಚಾರವನ್ನು ವಿಂಗಡಿಸಿತೇ ಹೊರತು ಅಧಿಕಾರವನ್ನಲ್ಲ.

ಮತ್ತೆ ಕಥೆ ಚಿಗುರಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ಹೊಸ ಜಾಲನಿಯಮವೊಂದನ್ನು ಕಲ್ಪಿಸಿದ ಸಂಶೋಧಕ ಅದನ್ನು ಪರೀಕ್ಷಿಸುವುದೆಲ್ಲಿ? ಪ್ರಯೋಗಾಲಯದ ನಾಲ್ಕು ಪೆಟ್ಟಿಗೆಗಳ ಮೇಲಿನ ಫಲಿತಾಂಶವನ್ನು ಯಾರೂ ನಂಬರು. ನಿಜವಾದ ಜಾಲದ ಮೇಲೆ ಪ್ರಯೋಗಿಸಲು ಅದರ ಹೊಣೆ ಹೊತ್ತವರು ಬಿಡರು. ಒಬ್ಬನ ತಪ್ಪಿಗೆ ಇಡೀ ವಿಶ್ವವಿದ್ಯಾಲಯದ ಅಂಚೆ ನಿಂತೀತೆಂಬ ಅವರ ಭಯ ನ್ಯಾಯವಾದದ್ದೇ. 2008ರಲ್ಲಿ ನಿಕ್ ಮೆಕ್ಯೋನ್ ಮತ್ತು ಸಂಗಡಿಗರು ಪ್ರಕಟಿಸಿದ ಓಪನ್‌ಫ್ಲೋ ಸ್ವಿಚ್ಚಿನ ಕೋಷ್ಟಕಕ್ಕೆ ಹೊರಗಿನಿಂದ ಬರೆಯುವ ಸಾಮಾನ್ಯ ಭಾಷೆಯನ್ನು ಕೊಟ್ಟಿತು. ಮರುವರ್ಷ ರಾಬ್ ಶರ್ವುಡ್ ಮತ್ತಿತರರು ಅದರ ಮೇಲೆ ಫ್ಲೋವೈಸರ್ ಕಟ್ಟಿದರು.

ಇದೂ ಒಬ್ಬ ಮಧ್ಯಸ್ಥನೇ. "ನನಗೆ ಬರುವ ಪ್ಯಾಕೆಟ್ಟುಗಳನ್ನೆಲ್ಲ ಈ ದ್ವಾರಕ್ಕೆ ಕಳಿಸು" ಎಂದು ಪ್ರಯೋಗಾರ್ಥಿಯ ನಿಯಂತ್ರಕ ಹೇಳಿದರೆ, ಫ್ಲೋವೈಸರ್ ಆ ಆದೇಶವನ್ನು ಅವನ ಪಾಲಿನ ಪ್ಯಾಕೆಟ್ಟುಗಳಿಗಷ್ಟೇ ಅನ್ವಯಿಸುವಂತೆ ತಿದ್ದಿ ಸ್ವಿಚ್ಚಿಗೆ ಒಪ್ಪಿಸುತ್ತಿತ್ತು. ದಿನನಿತ್ಯದ ಸಂಚಾರವೂ ಪ್ರಯೋಗವೂ ಸ್ಟ್ಯಾನ್‌ಫರ್ಡ್‌ನ ಒಂದೇ ಸ್ವಿಚ್ಚುಗಳ ಮೇಲೆ ಹರಿದವು. ಹಸಿವಿನ ಸಮಸ್ಯೆಗೆ ವಿಲ್ಯಾನ್ ತಲೆಬರಹದ ಮೂರು ಆದ್ಯತಾ ಬಿಟ್ಟುಗಳನ್ನು ಆಸರೆ ಮಾಡಿಕೊಂಡರು. ಮೂರು ಬಿಟ್ಟು ಎಂದರೆ ಎಂಟು ಸರತಿ ಸಾಲುಗಳು, ಅಷ್ಟೇ. ಇನ್ನೊಂದು ತೊಡಕು ಸ್ವಿಚ್ಚಿನ ಸ್ವಂತ ಸಂಸ್ಕಾರಕದ್ದು. ಅದು ಬಡಪಾಯಿ. ಒಬ್ಬನ ನಿಯಂತ್ರಕ ಸಂದೇಶಗಳ ಮಳೆಗರೆದರೆ ಉಳಿದವರೂ ಕಾಯಬೇಕಾಗುತ್ತಿತ್ತು, ಹಾಗಾಗಿ ಸಂದೇಶಗಳಿಗೂ ಪಡಿತರ ಗೊತ್ತುಮಾಡಬೇಕಾಯಿತು. ಇಬ್ಬರು ಒಂದೇ ವಿಳಾಸಗಳನ್ನು ಬಳಸುವಂತೆಯೂ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು 2014ರ ಓಪನ್‌ವರ್ಟೆಕ್ಸ್.

ಮಾರುಕಟ್ಟೆ ಹಿಡಿದ ದಾರಿಯೇ ಬೇರೆ. ಖಾಲಿ ಸ್ವಿಚ್ಚಿಗೆ ಬೇಕಾದ ಕಾರ್ಯಾಚರಣ ವ್ಯವಸ್ಥೆಯನ್ನು ತುಂಬಿಕೊಳ್ಳುವ ಓನಿ 2013ರಲ್ಲಿ ಬಂತು. ಮೈಕ್ರೋಸಾಫ್ಟ್ 2016ರಲ್ಲಿ ಸಾನಿಕ್ ವ್ಯವಸ್ಥೆಯನ್ನು ಮುಕ್ತವಾಗಿ ಹಂಚಿತು, 2022ರಲ್ಲಿ ಅದು ಲಿನಕ್ಸ್ ಫೌಂಡೇಷನ್ನಿನ ಮಡಿಲು ಸೇರಿತು. ಇಲ್ಲಿ ಒಡೆಯನನ್ನು ಬದಲಿಸಬಹುದು, ಆದರೆ ಒಮ್ಮೆಗೆ ಒಬ್ಬನೇ. ದೊಡ್ಡ ದತ್ತಾಂಶ ಕೇಂದ್ರಗಳ ಮಾಲೀಕರಿಗೆ ಬೇಕಿದ್ದದ್ದು ತಯಾರಕರ ಮೊಹರಿನಿಂದ ಬಿಡುಗಡೆ. ಸ್ವಿಚ್ಚನ್ನು ಅಪರಿಚಿತರೊಡನೆ ಹಂಚಿಕೊಳ್ಳುವ ದರ್ದು ಅವರಿಗಿರಲಿಲ್ಲ.

ಹಂಚಿಕೆಯ ಆಸೆ ಮಾತ್ರ ಸಂಶೋಧಕರಲ್ಲಿ ಉಳಿದಿದೆ. ಚಿಪ್ಪು ಪ್ಯಾಕೆಟ್ಟನ್ನು ಓದುವ ಕ್ರಮವನ್ನೇ ಬರೆದುಕೊಡಬಲ್ಲ ಪಿ4 ಭಾಷೆ 2014ರಲ್ಲಿ ಪ್ರಕಟವಾದ ಮೇಲೆ, ಒಂದೇ ಸ್ವಿಚ್ಚಿನಲ್ಲಿ ಹಲವು ಪಿ4 ಕ್ರಮವಿಧಿಗಳನ್ನು ಕೂಡಿಸುವ ಹೈಪರ್4 ಎಂಬ ವಿನ್ಯಾಸ 2016ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಿಂದ ಬಂತು. ಇದಕ್ಕೆ ತೆರಬೇಕಾದ ಬೆಲೆ ಕಡಮೆಯಲ್ಲ, ಒಂದೊಂದು ಕ್ರಮವಿಧಿಗೂ ಹಲವು ಪಟ್ಟು ಹೆಚ್ಚು ಕೋಷ್ಟಕ ಹಂತಗಳು ಬೇಕು. ಅದರ ಇಬ್ಬರು ಕರ್ತೃಗಳಲ್ಲಿ ಒಬ್ಬರು ಡೇವಿಡ್ ಹ್ಯಾನ್‌ಕಾಕ್. ಇನ್ನೊಬ್ಬರು, ಹತ್ತೊಂಬತ್ತು ವರ್ಷಗಳ ಹಿಂದೆ ಕೇಂಬ್ರಿಜ್‌ನಲ್ಲಿ ಕಿರುಸ್ವಿಚ್ಚುಗಳನ್ನು ಮಂಡಿಸಿದ್ದ ವಾನ್ ಡರ್ ಮರ್ವ.