ಪೆಕಾನ್ ತೋಟದ ಲೆಕ್ಕ: ಮರ, ಮಷೀನು, ಮನುಷ್ಯ

1/7
ಬಿಕಾಂ ಗೆಳೆಯರೇ, ಮೊದಲು ನಮ್ಮ ಸಬ್ಜೆಕ್ಟಿನದ್ದೇ ಒಂದು ಪ್ರಶ್ನೆ. ಒಂದು ತೋಟ ಇದೆ. ಅದರಲ್ಲಿ ವರ್ಷಾವರ್ಷ ಫಸಲು ಕೊಡೋ ಮರಗಳಿವೆ, ಹುಲ್ಲು ಕತ್ತರಿಸೋಕೆ ಒಂದು ಮಷೀನಿದೆ. ಬ್ಯಾಲೆನ್ಸ್ ಶೀಟ್‌ನಲ್ಲಿ ಇವೆರಡನ್ನ ಎಲ್ಲಿ ತೋರಿಸ್ತೀರಿ?

ಉತ್ತರ: ಎರಡೂ ಅಕ್ಕಪಕ್ಕ. ಇಂಡ್ ಎಎಸ್ ಪ್ರಕಾರ ಅಂಥ ಮರಕ್ಕೆ 'ಬೇರರ್ ಪ್ಲಾಂಟ್' ಅಂತಾರೆ. ಅದು ಇಂಡ್ ಎಎಸ್ 16ರ ಕೆಳಗೆ ಬರತ್ತೆ, ಮಷೀನಿನ ಜೊತೆಗೇ. ಎರಡಕ್ಕೂ ಡಿಪ್ರಿಸಿಯೇಷನ್ ಉಂಟು. ಮರದ ಮೇಲೆ ಬೆಳೀತಾ ಇರೋ ಕಾಯಿ ಮಾತ್ರ ಇಂಡ್ ಎಎಸ್ 41ಕ್ಕೆ ಹೋಗತ್ತೆ.

ಇಲ್ಲಿವರೆಗೆ ಸರಿ. ಆದರೆ 1848ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಒಂದು ತೋಟದ ಆಸ್ತಿಪಟ್ಟಿ ಮಾಡಿದಾಗ, ಅದೇ ಪಟ್ಟಿಯಲ್ಲಿ ಒಬ್ಬ ತೋಟಗಾರನೂ ಇದ್ದ. ಅವನ ಸಂಬಳ ಅಲ್ಲ, ಅವನೇ. ವಯಸ್ಸು 38. ಎದುರಿಗೆ ಬರೆದ ಬೆಲೆ 1,000 ಡಾಲರ್.

ಇವತ್ತು ಅಮೆರಿಕದ ಎಷ್ಟೋ ಕುಟುಂಬಗಳು ಅಜ್ಜನ ಕಾಲದಿಂದ ನಡೆಸಿಕೊಂಡು ಬಂದಿರೋ ಪೆಕಾನ್ ತೋಟಗಳ ಹಿಂದೆ ಅವನ ಕೈಚಳಕ ಇದೆ. ಈ ಸಲದ ಸೀರೀಸ್ ಅವನದು, ಒಂದು ಹುಲ್ಲಿನ ಮಷೀನಿನದು, ಮತ್ತೆ 21 ವರ್ಷದ ಒಬ್ಬ ಹುಡುಗಿಯದು. ಓದ್ತಾ ಹೋಗಿ.

2/7
ಪೆಕಾನ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ: ಅಕ್ರೋಟಿನ ಬಳಗದ ಮರ. ಕಾಯಿ ಉದ್ದುದ್ದ, ಸಿಪ್ಪೆ ನುಣುಪು, ಒಳಗಿನ ತಿರುಳು ಅಕ್ರೋಟಿನ ಥರಾನೇ ಮಡಿಕೆ ಮಡಿಕೆ. ಹುಟ್ಟೂರು ಮಿಸಿಸಿಪ್ಪಿ ನದಿಯ ಬಯಲು, ಟೆಕ್ಸಸ್, ಉತ್ತರ ಮೆಕ್ಸಿಕೋ. ಹೆಸರು ಕೂಡ ಅಲ್ಲಿನ ಮೂಲನಿವಾಸಿಗಳದ್ದೇ. ಅಲ್ಗಾಂಕಿಯನ್ ಭಾಷೆಗಳಲ್ಲಿ ಕಲ್ಲಿನಿಂದ ಒಡೆದು ತಿನ್ನೋ ಗಟ್ಟಿ ಕಾಯಿಗೆ ಇದ್ದ ಪದದಿಂದ ಬಂದದ್ದು.

1528ರಲ್ಲಿ ಹಡಗು ಒಡೆದು ಟೆಕ್ಸಸ್ ಕರಾವಳಿಗೆ ಬಂದು ಬಿದ್ದ ಕಬೇಸಾ ದೆ ವಾಕಾ ಅನ್ನೋ ಸ್ಪೇನಿನವನು ವರ್ಷಗಟ್ಟಲೆ ಅಲ್ಲಿನ ಜನರ ಜೊತೆ ಬದುಕಿದ. ಅವರು ವರ್ಷಕ್ಕೆ ಸುಮಾರು ಎರಡು ತಿಂಗಳು ನದಿದಂಡೆಯ ಈ ಕಾಯಿಗಳನ್ನೇ ತಿಂದು ಇರ್ತಿದ್ರು ಅಂತ ಬರೆದಿಟ್ಟ. ಜೊತೆಗೆ ಇನ್ನೊಂದು ಮಾತನ್ನೂ ಗಮನಿಸಿದ: ಮರ ಒಂದು ವರ್ಷ ಕಾಯಿ ಬಿಟ್ರೆ ಮುಂದಿನ ವರ್ಷ ಬಿಡಲ್ಲ.

ನಮ್ಮ ಕಡೆ ಮಾವಿನ ಮರ ಇರೋ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷ ಕೊಂಬೆ ಮುರಿಯೋಷ್ಟು ಫಸಲು, ಮರುವರ್ಷ ಬರೀ ಎಲೆ. ಪೆಕಾನ್ ಬೆಳೆಗಾರರಿಗೆ ಈ ತಲೆನೋವು ಇವತ್ತಿಗೂ ತಪ್ಪಿಲ್ಲ. ಒಳ್ಳೆ ವರ್ಷದ ದುಡ್ಡಲ್ಲಿ ಕೆಟ್ಟ ವರ್ಷವನ್ನ ದಾಟಿಸಬೇಕು. ಅದಕ್ಕೇ ಒಂದೇ ವರ್ಷದ ಲಾಭ ನೋಡಿ ಈ ತೋಟದ ಬೆಲೆ ಹೇಳೋಕಾಗಲ್ಲ.

3/7
ಪೆಕಾನಿಗೆ ಇನ್ನೊಂದು ತೊಡಕಿತ್ತು. ಎಷ್ಟೇ ಒಳ್ಳೆ ಮರದ ಬೀಜ ನೆಟ್ಟರೂ ಹುಟ್ಟೋ ಗಿಡ ತಾಯಿಯ ಹಾಗೆ ಇರಲ್ಲ. ಒಂದರ ಕಾಯಿ ಸಣ್ಣದು, ಇನ್ನೊಂದರ ಸಿಪ್ಪೆ ದಪ್ಪ. ಬೀಜದಿಂದ ಬಂದ ಮರ ಫಸಲಿಗೆ ಬರೋಕೆ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಅಷ್ಟು ಕಾದಮೇಲೆ ಸಿಕ್ಕೋದು ಲಾಟರಿ. ದಾರಿ ಇದ್ದದ್ದು ಒಂದೇ: ಕಸಿ.

ಮಿಸಿಸಿಪ್ಪಿ ನದಿಯ ಆಚೆ ದಡದಲ್ಲಿ ಅನಿತಾ ಅನ್ನೋ ತೋಟದಲ್ಲಿ ಒಂದು ಮರ ಇತ್ತು. ದೊಡ್ಡ ಕಾಯಿ, ತೆಳು ಸಿಪ್ಪೆ. ಕೊಲೊಂ ಅನ್ನೋ ಭೂಮಾಲೀಕ ಅದರ ಕಸಿ ಮಾಡೋಕೆ ನೋಡಿದ, ಆಗಲಿಲ್ಲ. ಕೊನೆಗೆ ಕಡ್ಡಿಗಳನ್ನ ಕತ್ತರಿಸಿ, ನದಿ ದಾಟಿ, ಓಕ್ ಆಲಿ ಅನ್ನೋ ಕಬ್ಬಿನ ತೋಟದ ಮಾಲೀಕ ರೋಮನ್‌ಗೆ ಕೊಟ್ಟ. ರೋಮನ್ ಅದನ್ನ ತನ್ನ ಗುಲಾಮ ತೋಟಗಾರನ ಕೈಗಿಟ್ಟ. ಆ ತೋಟಗಾರನ ಹೆಸರು ಆಂಟೊಯ್ನ್.

1846-47ರ ಚಳಿಗಾಲದಲ್ಲಿ ಆಂಟೊಯ್ನ್ 16 ಮರಗಳಿಗೆ ಕಸಿ ಕಟ್ಟಿದ. ಹಿಡೀತು! ಆಮೇಲೆ ಹುಲ್ಲುಗಾವಲಿನಲ್ಲಿ ಇನ್ನೂ 110. ಒಟ್ಟು 126 ಮರ, ಎಲ್ಲದರಲ್ಲೂ ಅದೇ ದೊಡ್ಡ ಕಾಯಿ, ಅದೇ ತೆಳು ಸಿಪ್ಪೆ.

ಮನೇಲಿ ಮಾವಿಗೋ ಸಪೋಟಕ್ಕೋ ಕಸಿ ಕಟ್ಟೋದನ್ನ ನೋಡಿದ್ರೆ ಇದೆಷ್ಟು ನಾಜೂಕಿನ ಕೆಲಸ ಅಂತ ಗೊತ್ತಿರತ್ತೆ. ತೊಗಟೆಯ ಕೆಳಗಿನ ತೆಳ್ಳನೆಯ ಜೀವಂತ ಪದರ ಎರಡೂ ಕಡೆ ಕೂಡಬೇಕು. ಒಣಗಬಾರದು, ಅಲುಗಾಡಬಾರದು. ಪೆಕಾನ್ ಈ ವಿಷಯದಲ್ಲಿ ಇನ್ನೂ ಹಟಮಾರಿ. ಬೇರೆಯವರು ಸೋತ ಕಡೆ ಇವನು ಗೆದ್ದ.

4/7
ರೋಮನ್ 1848ರಲ್ಲಿ ತೀರಿಹೋದ. ಶುರುವಿನಲ್ಲಿ ಹೇಳಿದ ಆಸ್ತಿಪಟ್ಟಿ ಆಗಿನದ್ದೇ. ಆಂಟೊಯ್ನ್ ಪೆಕಾನ್ ಕಸಿಯಲ್ಲಿ ಪಳಗಿದವನು ಅನ್ನೋದನ್ನ ಅದರಲ್ಲಿ ಬರೆದಿದ್ದಾರೆ. ಯಾಕೆ ಬರೆದ್ರು ಅಂತ ಯೋಚಿಸಿ. ಗೌರವಕ್ಕಲ್ಲ. ಕೌಶಲ ಇದ್ದರೆ ಬೆಲೆ ಏರತ್ತೆ ಅಂತ. ನಾವು ಮಷೀನಿನ ವಿವರದಲ್ಲಿ ಹಾರ್ಸ್‌ಪವರ್ ಬರೆಯೋ ಹಾಗೆ.

ಗುಲಾಮಗಿರಿ ಮುಗಿದ ಮೇಲೆ ಆ ತೋಟ ಬೇರೆಯವರ ಕೈ ಸೇರಿತು. 1876ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ಮಾಡಿತು. ಆಗಿನ ಮಾಲೀಕ ಬೊನ್ಜಾನೊ ಈ ಕಾಯಿಗಳನ್ನ ಅಲ್ಲಿಟ್ಟ. ಮೆಚ್ಚುಗೆ ಬಂತು, ಪ್ರಶಸ್ತಿಪತ್ರ ಬಂತು, ತಳಿಗೆ 'ಸೆಂಟೆನಿಯಲ್' ಅಂತ ಹೆಸರೂ ಬಂತು, ಅಂದ್ರೆ 'ಶತಮಾನೋತ್ಸವ'. ಕಸಿ ಕಟ್ಟಿದವನ ಹೆಸರಲ್ಲ, ತೋಟದ ಹೆಸರೂ ಅಲ್ಲ, ಆ ಹಬ್ಬದ ಹೆಸರು.

ಕಬ್ಬಿಗೆ ಜಾಗ ಮಾಡೋಕೆ ಆಂಟೊಯ್ನ್ ಕಸಿ ಕಟ್ಟಿದ ಆ ಮರಗಳನ್ನೇ ಆಮೇಲೆ ಕಡಿದುಹಾಕಿದ್ರು. ಆದರೆ ಅಷ್ಟರಲ್ಲಿ ಒಂದು ವಿಷಯ ಎಲ್ಲರಿಗೂ ಮನವರಿಕೆ ಆಗಿತ್ತು: ಪೆಕಾನನ್ನ ಕಾಡುಕಾಯಿ ಥರ ಆರಿಸಬೇಕಾಗಿಲ್ಲ, ಸಾಲು ಹಿಡಿದು ತೋಟ ಮಾಡಬಹುದು. ನರ್ಸರಿಗಳು ಹುಟ್ಟಿಕೊಂಡವು. ಒಂದು ಕುಟುಂಬ ಧೈರ್ಯವಾಗಿ ಕಸಿಗಿಡ ನೆಟ್ಟು, ಮಕ್ಕಳಿಗೆ ಇದೇ ಆಸ್ತಿ ಅಂತ ಹೇಳೋ ಕಾಲ ಬಂತು. ಇವತ್ತು ಓಕ್ ಆಲಿ ಪ್ರವಾಸಿ ತಾಣ. ಅಲ್ಲಿ ಆಂಟೊಯ್ನ್ ಕಥೆಯನ್ನ ಹೆಸರು ಹಿಡಿದೇ ಹೇಳ್ತಾರೆ. ಆಸ್ತಿಪಟ್ಟಿಯ ಒಂದು ಸಾಲು ಉಳಿದಿದ್ದಕ್ಕೆ ಅಷ್ಟಾದರೂ ಆಯ್ತು.

5/7
ಈಗ ಮಷೀನಿಗೆ ಬರೋಣ. ಪೆಕಾನ್ ತೋಟಕ್ಕೂ ಹುಲ್ಲಿನ ಮಷೀನಿಗೂ ಏನು ಸಂಬಂಧ? ಪೆಕಾನನ್ನ ಮರದಿಂದ ಕೈಯಲ್ಲಿ ಕೀಳಲ್ಲ. ಕಾಯಿ ನೆಲಕ್ಕೆ ಬೀಳತ್ತೆ, ಇಲ್ಲಾ ಮರವನ್ನ ಅಲುಗಾಡಿಸಿ ಬೀಳಿಸ್ತಾರೆ, ಆಮೇಲೆ ನೆಲದಿಂದ ಆರಿಸ್ತಾರೆ. ಹುಲ್ಲು ಮೊಣಕಾಲುದ್ದ ಇದ್ರೆ ಕಾಯಿ ಕಾಣಲ್ಲ. ಕಾಗೆ, ಅಳಿಲು ಪಾಲು ತಗೊಂಡು ಹೋಗ್ತವೆ, ಉಳಿದದ್ದು ತೇವಕ್ಕೆ ಬೂಸು ಹಿಡಿಯತ್ತೆ. ಅದಕ್ಕೆ ಕೊಯ್ಲಿನ ಮುಂಚೆ ಹುಲ್ಲು ಚೊಕ್ಕಟ ಆಗಲೇಬೇಕು.

ಹುಲ್ಲು ಕತ್ತರಿಸೋ ಮಷೀನಿನ ಕಥೆ ಶುರುವಾಗೋದು ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರಾದ ಸ್ಟ್ರೌಡ್‌ನಲ್ಲಿ. ಅಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ನವಿರನ್ನ ಸಮನಾಗಿ ಕತ್ತರಿಸೋಕೆ ತಿರುಗೋ ಬ್ಲೇಡಿನ ಯಂತ್ರ ಇತ್ತು. ಎಡ್ವಿನ್ ಬಡ್ಡಿಂಗ್ ಅನ್ನೋ ಮೆಕ್ಯಾನಿಕ್ ಇದೇ ಕೆಲಸ ಹುಲ್ಲಿಗೂ ಮಾಡಬಹುದಲ್ಲಾ ಅಂದುಕೊಂಡ. 1830ರಲ್ಲಿ ಪೇಟೆಂಟ್. 1832ರಲ್ಲಿ ರಾನ್ಸಮ್ಸ್ ಕಂಪನಿ ಲೈಸೆನ್ಸ್ ತಗೊಂಡು ತಯಾರಿಸೋಕೆ ಶುರು ಮಾಡಿತು.

ಆದರೆ ಅದು ಶ್ರೀಮಂತರ ಲಾನಿಗೆ ಆದ ಮಷೀನು, ತೋಟದ ಒರಟು ಹುಲ್ಲಿಗಲ್ಲ. ತೋಟಕ್ಕೆ ಒಗ್ಗಿದ್ದು ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯೋ, ನೆಲಕ್ಕೆ ಸಮನಾಗಿ ಗಿರಗಿರ ತಿರುಗೋ ದಪ್ಪ ಬ್ಲೇಡಿನ ರೋಟರಿ ಕಟರ್. ಅಮೆರಿಕದ ದಕ್ಷಿಣದಲ್ಲಿ ಅದನ್ನ ಯಾವ ಕಂಪನಿ ಮಾಡಿರಲಿ, 'ಬುಷ್ ಹಾಗ್' ಅಂತಲೇ ಕರೀತಾರೆ. ನಾವು ಮಣ್ಣು ಅಗೆಯೋದಕ್ಕೆಲ್ಲಾ ಜೆಸಿಬಿ ಅನ್ನಲ್ವಾ, ಹಾಗೆ.

6/7
ಇದು ಸೇವ್ ಮಾಡ್ಕೊಳ್ಳೋ ಪೋಸ್ಟ್. ಅಡಿಕೆ ತೋಟದಲ್ಲಿ ವೀಡ್ ಕಟರ್ ಹಿಡಿಯೋರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರತ್ತೆ.

▪ ಬ್ಲೇಡಿಗೆ ಕೈ ಹಾಕೋ ಮುಂಚೆ ಇಂಜಿನ್ ಆಫ್. ಪೆಟ್ರೋಲ್ ಮಷೀನಾದರೆ ಸ್ಪಾರ್ಕ್ ಪ್ಲಗ್ಗಿನ ವೈರ್ ತೆಗೀರಿ. ಟ್ರ್ಯಾಕ್ಟರಾದರೆ ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಕಟರಿನ ಕೆಳಗೆ ಗಟ್ಟಿ ಆಸರೆ ಕೊಡಿ.
▪ ಮೊಂಡು ಬ್ಲೇಡ್ ಹುಲ್ಲನ್ನ ಕತ್ತರಿಸಲ್ಲ, ಹರಿಯತ್ತೆ. ಸಾಣೆ ಹಿಡಿಯುವಾಗ ಎರಡೂ ತುದಿ ಸಮ ಇರಬೇಕು. ಲಾನ್ ಮಷೀನಿನ ಬ್ಲೇಡನ್ನ ನಡುವಿನ ತೂತಿನಿಂದ ಮೊಳೆಗೆ ನೇತುಹಾಕಿ ನೋಡಿ. ಒಂದು ಕಡೆ ವಾಲಿದ್ರೆ ಆ ಕಡೆ ಭಾರ ಜಾಸ್ತಿ. ಹಾಗೇ ಓಡಿಸಿದ್ರೆ ನಡುಕ ಬಂದು ಬೇರಿಂಗ್ ಹೋಗತ್ತೆ.
▪ ಅಡಿಭಾಗದಲ್ಲಿ ಮೆತ್ತಿದ ಹಸಿ ಹುಲ್ಲನ್ನ ಕೆರೆದು ತೆಗೀರಿ, ಇಲ್ಲಾಂದ್ರೆ ತುಕ್ಕು.
▪ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ. ಕಾರ್ಬೊರೇಟರ್‌ನಲ್ಲಿ ಅಂಟಾಗಿ ಕೂರತ್ತೆ.
▪ ಎಳೇ ಗಿಡದ ಬುಡದ ಸುತ್ತ ಹುಲ್ಲು ಬೆಳೆಯೋಕೇ ಬಿಡಬೇಡಿ, ಅದು ಗಿಡದ ನೀರು ಕುಡಿಯತ್ತೆ. ಹಾಗಂತ ಮಷೀನನ್ನ ಕಾಂಡಕ್ಕೆ ತಾಗಿಸಬೇಡಿ. ಸುತ್ತಲೂ ತೊಗಟೆ ಹೋದರೆ ಗಿಡವೇ ಹೋಯ್ತು.

ಇನ್ನೊಂದು ಮಜಾ ಇತಿಹಾಸ. ಪೆಕಾನ್ ಎಲೆಗಳು ಸಣ್ಣದಾಗಿ, ಗೊಂಚಲಾಗಿ, ಕೊಂಬೆ ತುದಿ ಸಾಯೋ ರೋಸೆಟ್ ಅನ್ನೋ ರೋಗ ಇತ್ತು. ಕಬ್ಬಿಣದ ಕೊರತೆ ಇರಬೇಕು ಅಂತ ಕಬ್ಬಿಣದ ದ್ರಾವಣ ಕೊಟ್ಟು ನೋಡಿದ್ರು. ಕೆಲವು ಮರ ಮಾತ್ರ ಸರಿಹೋಯ್ತು. 1930ರ ದಶಕದ ಶುರುವಿನಲ್ಲಿ ಗುಟ್ಟು ಹೊರಬಿತ್ತು: ದ್ರಾವಣ ಕಲಸಿದ ಪಾತ್ರೆಗೆ ಸತುವಿನ ಲೇಪ ಇತ್ತು! ಮರಕ್ಕೆ ಬೇಕಿದ್ದದ್ದು ಕಬ್ಬಿಣ ಅಲ್ಲ, ಪಾತ್ರೆಯಿಂದ ಕರಗಿದ ಸತು. ಪೆಕಾನ್ ತೋಟಗಳಲ್ಲಿ ಇವತ್ತಿಗೂ ಎಲೆಗಳ ಮೇಲೆ ಸತು ಸಿಂಪಡಿಸ್ತಾರೆ.

7/7
ಕಾಯಿ ತೋಟ ದಾಟಿದ ಮೇಲೆ? ಯಾರೋ ಒಡೆದು ಬಿಡಿಸಬೇಕಲ್ಲ. ಕರಾವಳಿಯವರಿಗೆ ಗೇರುಬೀಜದ ಫ್ಯಾಕ್ಟರಿ ನೆನಪಾಗಬಹುದು.

1930ರ ದಶಕದಲ್ಲಿ ಆ ಕೆಲಸದ ರಾಜಧಾನಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ. ಒಡೆಯೋ ಮಷೀನುಗಳು ಆಗಲೇ ಇದ್ದವು. ಆದರೂ ಅಲ್ಲಿನ ದೊಡ್ಡ ಕಂಪನಿ ಸದರ್ನ್ ಪೆಕಾನ್ ಶೆಲ್ಲಿಂಗ್ ಕೈಕೆಲಸವನ್ನೇ ನೆಚ್ಚಿಕೊಂಡಿತ್ತು. ಯಾಕಂದ್ರೆ ಮೆಕ್ಸಿಕನ್ ಮೂಲದ ಹೆಂಗಸರ ಕೈ ಮಷೀನಿಗಿಂತ ಅಗ್ಗ. ಪೀಸ್ ರೇಟ್ ಕೂಲಿ, ವಾರಕ್ಕೆ ಎರಡು-ಮೂರು ಡಾಲರ್. ಇಕ್ಕಟ್ಟಾದ ಕೋಣೆ, ಗಾಳಿಯಲ್ಲೆಲ್ಲಾ ಸಿಪ್ಪೆಯ ಧೂಳು, ಕ್ಷಯ ರೋಗ.

ಪೌಂಡಿಗೆ ಆರೇಳು ಸೆಂಟ್ ಇದ್ದ ಕೂಲಿಯನ್ನ ಇನ್ನೂ ಒಂದು ಸೆಂಟ್ ಇಳಿಸಿದಾಗ, 1938ರ ಜನವರಿ 31ರಂದು ಸುಮಾರು 12,000 ಜನ ಕೆಲಸ ಬಿಟ್ಟು ಹೊರಗೆ ಬಂದ್ರು. ಮುಂದೆ ನಿಂತವಳು ಎಮ್ಮಾ ಟೆನಯೂಕಾ. ವಯಸ್ಸು 21. ನಮ್ಮ ಫೈನಲ್ ಇಯರ್ ಅಕ್ಕಂದಿರ ವಯಸ್ಸು! ಅಶ್ರುವಾಯು, ನೂರಾರು ಜನರ ಬಂಧನ, ಎಲ್ಲಾ ಆಯ್ತು. 37 ದಿನಗಳ ಮೇಲೆ ಮಾಲೀಕರು ಪಂಚಾಯ್ತಿಗೆ ಒಪ್ಪಿದ್ರು, ಕೂಲಿ ಏರಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಇಡೀ ಅಮೆರಿಕಕ್ಕೆ ಕನಿಷ್ಠ ಕೂಲಿ ಕಾನೂನು ಜಾರಿಗೆ ಬಂತು: ಗಂಟೆಗೆ 25 ಸೆಂಟ್. ವಾರಕ್ಕೆ 44 ಗಂಟೆ ಅಂದ್ರೆ 11 ಡಾಲರ್. ಈಗ ಲೆಕ್ಕ ತಿರುಗಿತು. ಮಷೀನು ಅಗ್ಗ, ಮನುಷ್ಯ ದುಬಾರಿ. ಮೂರು ವರ್ಷದಲ್ಲಿ ಸುಮಾರು 10,000 ಜನರ ಜಾಗಕ್ಕೆ ಮಷೀನುಗಳು ಬಂದವು.

ಹಾಗಾದರೆ ಮುಷ್ಕರ ಮಾಡಿದ್ದು ತಪ್ಪಾ? ಈ ಪ್ರಶ್ನೆಯನ್ನ ಕಾಸ್ಟಿಂಗ್ ಕ್ಲಾಸಿನಲ್ಲಿ ಕೇಳಿದ್ರೆ 'ಲೇಬರ್ ಕಾಸ್ಟ್ ಏರಿತು, ಸಬ್‌ಸ್ಟಿಟ್ಯೂಷನ್ ಆಯ್ತು' ಅಂತ ಎರಡು ಮಾರ್ಕ್ಸಿನ ಉತ್ತರ ಬರೀಬಹುದು. ನನಗೆ ಅದು ಸಾಲಲ್ಲ. ವಾರಕ್ಕೆ ಎರಡು ಡಾಲರಿಗೆ ಕ್ಷಯ ಹಿಡಿಸಿಕೊಳ್ಳೋದು ಉಳಿಸಿಕೊಳ್ಳಬೇಕಾದ ಉದ್ಯೋಗ ಅಂತ ನನಗೆ ಅನ್ನಿಸಲ್ಲ. ಆದರೆ ಕೆಲಸ ಕಳ್ಕೊಂಡವರಿಗೆ ಮುಂದೇನು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಅದು ಮುಷ್ಕರ ಮಾಡಿದವರ ತಪ್ಪಲ್ಲ, ಲೆಕ್ಕ ಬರೆಯೋ ಜಾಗದಲ್ಲಿ ಕೂತವರದ್ದು. ನಾಳೆ ಆ ಜಾಗದಲ್ಲಿ ಕೂರೋದು ನಾವೇ.

ನಿಮಗೊಂದು ಕೆಲಸ: ನಿಮ್ಮ ಮನೆ ಮಾವಿನ ಮರಕ್ಕೆ, ತೋಟದ ಸಪೋಟಕ್ಕೆ ಕಸಿ ಕಟ್ಟಿದವರು ಯಾರು ಅಂತ ಮನೇಲಿ ಕೇಳಿ ನೋಡಿ. ಹೆಸರು ಗೊತ್ತಾದ್ರೆ ಎಲ್ಲಾದ್ರೂ ಬರೆದಿಡಿ. ಏನು ಗೊತ್ತಾಯ್ತು ಅಂತ ಕಾಮೆಂಟಿನಲ್ಲಿ ನನಗೂ ಹೇಳಿ.

#ಕನ್ನಡದಲ್ಲಿಇತಿಹಾಸ #ಪೆಕಾನ್ #ಕಸಿ #ತೋಟ #ಬಿಕಾಂ