ಕಡತಗಳನ್ನು ಕಣ್ಣಿಗೆ ಕಾಣಿಸಿದ ತಂತ್ರಾಂಶ: ನಾರ್ಟನ್ ಕಮ್ಯಾಂಡರ್ ಮತ್ತು ಅದರ ಪರಂಪರೆ

ಕನ್ನಡನಾಡಿನ ಲೆಕ್ಕಪತ್ರಗಳ ಚರಿತ್ರೆಯಲ್ಲಿ ‘ಕಡತ’ ಎಂಬ ಪದಕ್ಕೆ ನಿರ್ದಿಷ್ಟವಾದ ಅರ್ಥವಿದೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿದ ಬಟ್ಟೆಯನ್ನು ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಗಣಕದ ಫೈಲಿಗೂ ಇದೇ ಪದ ಬಳಕೆಗೆ ಬಂದಿರುವುದು ಉಚಿತವಾಗಿದೆ. ಮಡಿಕೆ ಬಿಚ್ಚಿದಲ್ಲದೆ ಬಟ್ಟೆಯ ಕಡತದಲ್ಲಿರುವುದು ಕಾಣದು. ಅಂತೆಯೇ ಆರಂಭಕಾಲದ ವೈಯಕ್ತಿಕ ಗಣಕದಲ್ಲಿ ಆದೇಶವನ್ನು ಟೈಪು ಮಾಡಿದಲ್ಲದೆ ಯಾವುದು ಎಲ್ಲಿದೆಯೆಂಬುದು ತಿಳಿಯುತ್ತಿರಲಿಲ್ಲ. ಈ ಮರೆಯನ್ನು ಸರಿಸಿದ ತಂತ್ರಾಂಶಗಳಲ್ಲಿ ನಾರ್ಟನ್ ಕಮ್ಯಾಂಡರ್ ಪ್ರಮುಖವಾದುದು.

ಕೋಶದೊಳಗೆ ಕೋಶವನ್ನಿರಿಸುವ ಶ್ರೇಣೀಕೃತ ವ್ಯವಸ್ಥೆಯನ್ನು 1965ರಲ್ಲಿ ಮಲ್ಟಿಕ್ಸ್ ಯೋಜನೆಗಾಗಿ ಡೇಲಿ ಮತ್ತು ನ್ಯೂಮನ್ ವಿವರಿಸಿದರು. ಮುಂದೆ ಯುನಿಕ್ಸ್ ಅದನ್ನು ಅಳವಡಿಸಿಕೊಂಡಿತು. 1981ರ ಎಂಎಸ್-ಡಾಸ್‌ನಲ್ಲಿ ಉಪಕೋಶಗಳಿರಲಿಲ್ಲ. 1983ರಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕನ್ನು ಹೊಂದಿದ ಐಬಿಎಂ ಪಿಸಿ ಎಕ್ಸ್‌ಟಿ ಬಂದಾಗ, ಡಾಸ್‌ನ 2.0 ಆವೃತ್ತಿ ಅವುಗಳಿಗೆ ಅವಕಾಶ ಕಲ್ಪಿಸಿತು. ಫ್ಲಾಪಿಯಲ್ಲಿದ್ದ ಕೆಲವೇ ಕಡತಗಳ ಸ್ಥಾನದಲ್ಲಿ ಈಗ ನೂರಾರು ಕಡತಗಳು ಸೇರಿದವು. ಅವುಗಳ ಹೆಸರನ್ನೂ ಮಾರ್ಗವನ್ನೂ ಬಳಕೆದಾರನು ನೆನಪಿನಿಂದಲೇ ಬರೆಯಬೇಕಾಗಿತ್ತು. ಇಲ್ಲಿ ಒಂದಕ್ಷರದ ತಪ್ಪೂ ದುಬಾರಿಯಾಗಬಹುದಾಗಿತ್ತು. ನಕಲು ಮಾಡುವ ಆದೇಶವು ಅದೇ ಹೆಸರಿನ ಹಳೆಯ ಕಡತವನ್ನು ಕೇಳದೆಯೇ ಅಳಿಸಿ ಹೊಸದನ್ನು ಬರೆಯುತ್ತಿತ್ತು. ಹಾಗೆ ಮಾಡುವ ಮೊದಲು ಅನುಮತಿ ಕೇಳುವ ಕ್ರಮ ಬಂದದ್ದು 1993ರ 6.2 ಆವೃತ್ತಿಯಲ್ಲಿ.

1985ರ ಎಕ್ಸ್‌ಟ್ರೀ ಎಂಬ ತಂತ್ರಾಂಶವು ಕೋಶಗಳನ್ನು ಮರದ ಕವಲುಗಳಂತೆ ತೋರಿಸಿತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಜಾನ್ ಸೋಚಾ 1984ರಲ್ಲಿ ಆರಂಭಿಸಿದ ತಂತ್ರಾಂಶವು 1986ರಲ್ಲಿ ಪೀಟರ್ ನಾರ್ಟನ್ ಅವರ ಸಂಸ್ಥೆಯಿಂದ ನಾರ್ಟನ್ ಕಮ್ಯಾಂಡರ್ ಎಂಬ ಹೆಸರಿನಲ್ಲಿ ಹೊರಬಂದಿತು. ಪರದೆಯನ್ನು ಅಕ್ಕಪಕ್ಕದ ಎರಡು ಫಲಕಗಳಾಗಿ ವಿಭಜಿಸಿದ್ದು ಇದರ ವೈಶಿಷ್ಟ್ಯ. ಒಂದರಲ್ಲಿ ಕಡತವು ಹೊರಡುವ ಕೋಶ, ಇನ್ನೊಂದರಲ್ಲಿ ಅದು ಸೇರುವ ಕೋಶ. ಎಫ್5 ಕೀಲಿಯಿಂದ ನಕಲು, ಎಫ್6ರಿಂದ ಸ್ಥಳಾಂತರ, ಎಫ್7ರಿಂದ ಹೊಸ ಕೋಶದ ರಚನೆ, ಎಫ್8ರಿಂದ ಅಳಿಸುವಿಕೆ. ಆದೇಶ ಬರೆಯುವ ಸಾಲು ಕೆಳಭಾಗದಲ್ಲಿ ಹಾಗೆಯೇ ಉಳಿಯಿತು. ಮೂಲ ಮತ್ತು ಗಮ್ಯಗಳೆರಡೂ ಕಣ್ಣೆದುರಿಗಿದ್ದುದರಿಂದ ಕೆಲಸಕ್ಕೆ ಮೊದಲೇ ಪರಿಶೀಲನೆ ಸಾಧ್ಯವಾಯಿತು. ನೆನಪಿನ ಹೊರೆಯನ್ನು ನೋಟಕ್ಕೆ ವರ್ಗಾಯಿಸಿದ್ದೇ ಇದರ ಚಾರಿತ್ರಿಕ ಮಹತ್ವ.

ಇದಕ್ಕೆ ಸಮಾನಾಂತರವಾಗಿ ಚಿತ್ರರೂಪದ ಮತ್ತೊಂದು ಧಾರೆಯೂ ಹರಿಯಿತು. 1981ರ ಜೆರಾಕ್ಸ್ ಸ್ಟಾರ್, 1984ರ ಮ್ಯಾಕಿಂಟಾಷ್‌ನ ಫೈಂಡರ್, 1995ರ ವಿಂಡೋಸ್ ಎಕ್ಸ್‌ಪ್ಲೋರರ್ ಈ ಧಾರೆಗೆ ಸೇರುತ್ತವೆ. ಮೌಸ್ ಸರ್ವತ್ರ ವ್ಯಾಪಿಸಿದ ಮೇಲೆಯೂ ಎರಡು ಫಲಕಗಳ ಕ್ರಮ ಅಳಿಯಲಿಲ್ಲ. ಇಂದಿನ ಟೋಟಲ್ ಕಮ್ಯಾಂಡರ್ 1993ರಲ್ಲಿ ವಿಂಡೋಸ್ ಕಮ್ಯಾಂಡರ್ ಎಂಬ ಹೆಸರಿನಲ್ಲಿ ಬಂದಿತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಮಿಗುಯೆಲ್ ಡಿ ಇಕಾಜಾ 1994ರಲ್ಲಿ ಮಿಡ್‌ನೈಟ್ ಕಮ್ಯಾಂಡರ್ ಅನ್ನು ರೂಪಿಸಿದರು. ಎರಡರಲ್ಲಿಯೂ ನಕಲಿಗೆ ಎಫ್5 ಕೀಲಿಯೇ ಮುಂದುವರಿದಿದೆ.

ಕಡತ ಕಣ್ಣಿಗೆ ಕಂಡರೂ ಅದರ ಹೆಸರು ಕನ್ನಡದಲ್ಲಿ ಕಾಣಲು ದೀರ್ಘಕಾಲ ಬೇಕಾಯಿತು. ಡಾಸ್ ಕಾಲದಲ್ಲಿ ಹೆಸರಿಗೆ ಎಂಟು ಅಕ್ಷರ, ವಿಸ್ತರಣೆಗೆ ಮೂರು ಅಕ್ಷರಗಳ ಮಿತಿಯಿತ್ತು. ರೋಮನ್ ಲಿಪಿಯಲ್ಲಿ ‘ಕವಿರಾಜಮಾರ್ಗ’ ಎಂದು ಬರೆಯಹೊರಟರೆ ‘ಕವಿರಾಜ’ ಎಂಬಲ್ಲಿಗೇ ಎಂಟು ಅಕ್ಷರ ಮುಗಿಯುತ್ತಿತ್ತು. ವಿಂಡೋಸ್ 95ರಲ್ಲಿ 255 ಅಕ್ಷರಗಳವರೆಗೆ ಅವಕಾಶ ದೊರೆತರೂ ಲಿಪಿಯ ತೊಡಕು ಉಳಿಯಿತು. ಅಂದಿನ ಕನ್ನಡ ಫಾಂಟುಗಳಿಂದ ಕಡತದೊಳಗಿನ ಪಠ್ಯ ಕನ್ನಡವಾಗಿ ಕಾಣುತ್ತಿತ್ತು. ಅದೇ ಸಂಕೇತಗಳನ್ನು ಕಡತದ ಹೆಸರಿಗೆ ಬಳಸಿದರೆ ಅರ್ಥವಾಗದ ಚಿಹ್ನೆಗಳು ಮೂಡುತ್ತಿದ್ದವು. 1991ರ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತಾದರೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ದೊರೆತ ಬಳಿಕ ಈ ತೊಡಕು ಕ್ರಮೇಣ ನೀಗಿತು.

ಗ್ರಂಥಾಲಯಗಳಿಗೆ ಇದು ಕೇವಲ ಗತಕಾಲದ ಸಂಗತಿಯಲ್ಲ. ಫಲಕದಲ್ಲಿ ಕಾಣುವುದು ಹೆಸರು, ಗಾತ್ರ, ದಿನಾಂಕಗಳು ಮಾತ್ರ. ಮೊಟಕುಗೊಂಡ ಹೆಸರಿನ ಹಳೆಯ ಕಡತಗಳಲ್ಲಿ ಯಾವ ಕೃತಿಯ ಯಾವ ಕರಡು ಇದೆಯೆಂಬುದನ್ನು, ಬಟ್ಟೆಯ ಕಡತದ ಮಡಿಕೆ ಬಿಚ್ಚುವಂತೆ, ಒಂದೊಂದನ್ನೂ ತೆರೆದೇ ಗುರುತಿಸಬೇಕಾಗುತ್ತದೆ. ಅವನ್ನು ಸೃಷ್ಟಿಸಿದವರ ನೆನಪು ಮಾಸುವ ಮುನ್ನ ಆ ಕಾರ್ಯ ನಡೆಯುವುದು ಅವಶ್ಯ.