ಗಜನಿ ಭೂಮಿ ಮತ್ತು ನೀರಿನ ಅರಿವು

ಪ್ರಕೃತಿಯನ್ನು ಕುರಿತ ಅರಿವು ಆಚರಣೆಯಾಗುವ ಬಗೆಗೆ ಕುಮಟಾ ತಾಲೂಕಿನ ಅಘನಾಶಿನೀ ಅಳಿವೆಯ ಗಜನಿ ಭೂಮಿಗಳು ಒಳ್ಳೆಯ ನಿದರ್ಶನವಾಗಿವೆ. ಭರತದೊಡನೆ ಉಪ್ಪುನೀರು ಏರುವ ಈ ತಗ್ಗುನೆಲದಲ್ಲಿ ಮಾಣಿಕಟ್ಟಾ ಮೊದಲಾದ ಊರುಗಳ ರೈತರು ಕಗ್ಗವೆಂಬ ಭತ್ತವನ್ನು ಬೆಳೆಯುತ್ತ ಬಂದರು. ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ತಳಿಯದು. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಕೊಯ್ಲಿನ ತರುವಾಯ ಅದೇ ಗದ್ದೆ ಮೀನು, ಸಿಗಡಿಗಳ ನೆಲೆ. ಮಣ್ಣಿನ ಒಡ್ಡನ್ನು ಊರವರೇ ಕೂಡಿ ವರ್ಷವರ್ಷವೂ ಸರಿಪಡಿಸುತ್ತಿದ್ದರು. ಅಲೆಯ ಹೊಡೆತ ತಡೆಯುವ ಕಾಂಡ್ಲಾ ಗಿಡಗಳನ್ನು ಅದರ ಅಂಚಿನಲ್ಲಿ ಉಳಿಸಿಕೊಳ್ಳುತ್ತಿದ್ದರು.

1970ರ ದಶಕದಲ್ಲಿ ಸರ್ಕಾರವು ಖಾರಲ್ಯಾಂಡ್ ಯೋಜನೆಯಡಿ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ಒಡ್ಡು ಗಟ್ಟಿಯಾಯಿತು, ಅದನ್ನು ಕಾಯುವ ಒಗ್ಗಟ್ಟು ಸಡಿಲವಾಯಿತು. ಕಾಂಡ್ಲಾ ಅಳಿಯಿತು, ಸಿಗಡಿ ಸಾಕಣೆ ಹಬ್ಬಿದಂತೆ ಕಗ್ಗದ ಕ್ಷೇತ್ರ ಕುಗ್ಗಿತು.

ಹಾಲೆಂಡಿನಲ್ಲಿಯೂ ಜನರು ಕಡಲಿನೆದುರು ಒಡ್ಡು ಕಟ್ಟಿದವರೇ. ಆದರೆ 13ನೆಯ ಶತಮಾನದಲ್ಲಿ ಮೂಡಿದ ಸ್ಥಳೀಯ ಜಲಮಂಡಳಿಗಳ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ತಂತ್ರಜ್ಞಾನ ಬದಲಾದರೂ ಹೊಣೆ ಊರಿನ ಕೈಬಿಡಲಿಲ್ಲ.

2024ರಲ್ಲಿ ಅಘನಾಶಿನೀ ಅಳಿವೆಯು ರಾಮ್‌ಸಾರ್ ಪಟ್ಟಿಗೆ ಸೇರಿತು. ಮನ್ನಣೆಯು ನೀರನ್ನು ಕಾಯಬಹುದು. ಅರಿವಾದರೋ ದುಡಿಮೆಯಲ್ಲಿ ಮಾತ್ರ ಬದುಕುತ್ತದೆ. ಕಗ್ಗವನ್ನು ಬಿತ್ತುವ ಕೈ ನಿಂತರೆ ಅದನ್ನು ಯಾವ ಪಟ್ಟಿಯೂ ಉಳಿಸಲಾರದು.